ಯುನೂಸ್ ಚಾಚಾನ ಹದಿನೇಳು ತಪ್ಪು

ಫೋನು ಬಂದಾಗ ಸ್ನೇಹಲ್ ಬಿ.ಎ. ಕೊನೆಯ ವರ್ಷದವರಿಗೆ ಕಡತದ ಬಗ್ಗೆ ಪಾಠ ಹೇಳುತ್ತಿದ್ದಳು. ಸಂಸ್ಥೆಯ ಕಣ್ಣಿಗೆ ಮನುಷ್ಯ ಬೀಳುವುದಿಲ್ಲ, ಅವನ ಕಡತ ಬೀಳುತ್ತದೆ. ಕಡತ ದಪ್ಪವಾದಷ್ಟೂ ಅದರ ಹಿಂದಿನ ಮನುಷ್ಯ ತೆಳ್ಳಗಾಗುತ್ತ ಹೋಗುತ್ತಾನೆ ಎಂದು ಹೇಳಿ, ಮುಂದಿನ ಬೆಂಚಿನವರು ಬರೆದುಕೊಳ್ಳಲಿ ಎಂದು ನಿಂತಿದ್ದಳು. ಮೇಜಿನ ಮೇಲೆ ಫೋನು ಗುರುಗುಟ್ಟುತ್ತ ಡಸ್ಟರಿನ ತನಕ ಜರುಗಿತು. ಧನರಾಜ, ಹುಮನಾಬಾದ. ನಾಲ್ಕು ದಿನದಿಂದ ಅವಳು ಈ ಹೆಸರು ಬರಬಾರದು ಎಂದುಕೊಳ್ಳುತ್ತಲೇ ಫೋನು ನೋಡುತ್ತಿದ್ದಳು.

ವರಾಂಡಕ್ಕೆ ಹೋಗಿ ಎತ್ತಿಕೊಂಡಳು.

"ಮೇಡಂ, ನಾಳೆ ಹನ್ನೊಂದಕ್ಕ ಬರ್ಲಾಕ ಆಗ್ತದೇನ್ರಿ? ವಿಚಾರಣಾ ಸಮಿತಿ ಕೂಡಾಕತ್ತದ."

"ನಾನ್ಯಾಕ್ರಿ ಸರ್?"

"ಸುಮ್ನ ಒಂದೆರಡು ಮಾತು. ಬರೂಮುಂದ ನಿಮ್ಮ ನೋಟ್‌ಬುಕ್ ತರ್ರಿ. ಮ್ಯಾಲಿನವರು ಅದನ್ನ ಖಾಸ್ ಹೇಳ್ಯಾರ."

"ಮ್ಯಾಲಿನವರು ಅಂದ್ರ ಯಾರು?"

"ಈಮೇಲ್ ಬಂದದ್ರಿ. ಕೆಳಗ ಹೆಸರಿಲ್ಲ. 'ತಂಡ' ಅಂತ ಅದ."

ಧನರಾಜ ಹುಮನಾಬಾದದ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಕಚ್ಚಾಮಾಲು ತಯಾರಿಸುವ ಒಂದು ಕಾರ್ಖಾನೆಯ ಸುರಕ್ಷತಾ ಅಧಿಕಾರಿ. ಅಲ್ಲಿ ಸ್ನೇಹಲ್ ಎಂಟು ತಿಂಗಳಿಂದ ತನ್ನ ಪಿಎಚ್.ಡಿ.ಗಾಗಿ ಓಡಾಡುತ್ತಿದ್ದಳು. ಹೋದ ಶುಕ್ರವಾರ ಮಧ್ಯಾಹ್ನ, ಏಪ್ರಿಲ್ ಬಿಸಿಲು ತಗಡಿನ ಮೇಲೆ ಕುದಿಯುತ್ತಿರುವಾಗ, ಸಾಲ್ವೆಂಟ್ ಎಂಬ ಉರಿಯುವ ದ್ರಾವಕವನ್ನು ತುಂಬುವ ಶೆಡ್ಡಿನಲ್ಲಿ ಒಂದು ಡ್ರಮ್ಮು ಭಗ್ಗೆಂದು ಹೊತ್ತಿಕೊಂಡಿತು. ಪೈಪು ಹಿಡಿದಿದ್ದ ಕಲ್ಲಿನಾಥನ ಎರಡೂ ಕೈ, ಮುಖ ಸುಟ್ಟವು. ಅವನೀಗ ಸೋಲಾಪುರದ ಆಸ್ಪತ್ರೆಯೊಂದರಲ್ಲಿದ್ದ. ಕಣ್ಣು ಉಳಿಯುತ್ತವೋ ಇಲ್ಲವೋ ಇನ್ನೂ ಯಾರೂ ಹೇಳಿರಲಿಲ್ಲ. ಆ ಪಾಳಿಯ ಹಿರಿಯ ಆಪರೇಟರ್ ಯುನೂಸ್. ಸ್ನೇಹಲ್‌ಳಂತೆ ಬಸವಕಲ್ಯಾಣದವನು. ಎಂಟು ತಿಂಗಳು ಒಂದೇ ಬಸ್ಸಿನಲ್ಲಿ ಹೋಗಿ ಬಂದು, ಅವಳಿಗೆ ಅವನು ಚಾಚಾ ಆಗಿದ್ದ.

ತರಗತಿಗೆ ಮರಳಿದಾಗ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹುಡುಗಿಯರನ್ನೇ ಕೇಳಬೇಕಾಯಿತು. "ಮನುಷ್ಯ ತೆಳ್ಳಗಾಗ್ತಾನ ಅಂದ್ರಿ ಮೇಡಂ" ಎಂದಳು ಒಬ್ಬಳು.

ಸ್ನೇಹಲ್ ಮೊದಲು ಓದಿದ್ದು ಬಿ.ಎಸ್ಸಿ., ಭೌತಶಾಸ್ತ್ರ. ಆಮೇಲೆ ಸಮಾಜಶಾಸ್ತ್ರಕ್ಕೆ ಹೊರಳಿ ಎಂ.ಎ. ಮಾಡಿ, ಈಗ ಊರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕಲಬುರಗಿಯ ಅವಳ ಮಾರ್ಗದರ್ಶಕರು ಕಾರ್ಖಾನೆಗೆ ಕಳಿಸುವಾಗ ಒಂದು ಮಾತು ಒತ್ತಿ ಹೇಳಿದ್ದರು: ನೀನು ಹೋಗುವುದು ತನಿಖೆಗಲ್ಲ, ಓದುವುದಕ್ಕೆ. ಒಂದು ಸಂಸ್ಥೆ ಎಂದರೆ ಗೋಡೆಯಲ್ಲ, ಯಂತ್ರವಲ್ಲ, ಅದು ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಕಥೆ. ಯಾವ ಕಾಗದ ಸಿಕ್ಕರೂ ಇದು ನಿಜವೇ ಎಂದು ಕೇಳಬೇಡ, ಇದು ಏನು ಕೆಲಸ ಮಾಡುತ್ತಿದೆ ಎಂದು ಕೇಳು. ಏನನ್ನೂ ಮುಟ್ಟಬೇಡ, ಏನನ್ನೂ ಸರಿಪಡಿಸಬೇಡ.

ಅವಳು ಓದಲು ಆರಿಸಿಕೊಂಡದ್ದು ಸುರಕ್ಷತಾ ಕಾರ್ಡುಗಳನ್ನು. ಆ ಕಾರ್ಖಾನೆಯಲ್ಲಿ ಪ್ರತಿಯೊಬ್ಬ ಕಾರ್ಮಿಕ ತಿಂಗಳಿಗೆ ಎರಡು ಕಾರ್ಡು ಬರೆದು ಡಬ್ಬಿಗೆ ಹಾಕಬೇಕು. ತಾರೀಖು, ಜಾಗ, ಯಾರದು ತಪ್ಪು, ಏನು ತಪ್ಪು. ಧನರಾಜ ಅವನ್ನು ಕಂಪ್ಯೂಟರಿಗೆ ಏರಿಸುತ್ತಾನೆ. ಎರಡಕ್ಕಿಂತ ಕಡಿಮೆ ಬರೆದವನು ಅಸಡ್ಡೆಯವನು ಎಂದು ಎಣಿಕೆಯಾಗುತ್ತಾನೆ. ಜೊತೆಗಾರನ ಹೆಸರನ್ನು ನಿಜವಾಗಿ ಬರೆಯಲು ಯಾರಿಗೂ ಮನಸ್ಸು ಬಾರದೆ, ಮೂವತ್ತೊಂದು ಜನವೂ ಕೂಡಿ ಒಂದು ಪಾಳಿ ಮಾಡಿಕೊಂಡಿದ್ದರು. ಕ್ಯಾಂಟೀನಿನ ಗೋಡೆ ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗೆ ಪೆನ್ಸಿಲಿನಿಂದ ಸಣ್ಣಗೆ ಒಂದು ಹೆಸರು. ಆ ವಾರ ಎಲ್ಲರ ಕಾರ್ಡಿನಲ್ಲೂ ಅವನೇ ತಪ್ಪಿತಸ್ಥ. ಹೆಲ್ಮೆಟಿನ ಪಟ್ಟಿ ಸಡಿಲ, ಬೂಟಿನ ಲೇಸು ಬಿಚ್ಚಿತ್ತು, ಕಿಸೆಯಲ್ಲಿ ಫೋನಿತ್ತು. ಯಾರಿಗೂ ನೋವಾಗದ, ಯಾರೂ ಮಾಡಿರದ ತಪ್ಪುಗಳು.

ಜನವರಿಯಲ್ಲಿ ಸಾಲ್ವೆಂಟ್ ಶೆಡ್ಡಿನ ಅರ್ಥಿಂಗ್ ಕ್ಲಿಪ್ಪಿನ ಸ್ಪ್ರಿಂಗು ಹೋಯಿತು. ಡ್ರಮ್ಮಿನ ಅಂಚಿಗೆ ಕಚ್ಚಿಸಿ, ಅದರಲ್ಲಿ ಕೂಡುವ ವಿದ್ಯುತ್ತನ್ನು ತಂತಿಯ ಮೂಲಕ ನೆಲಕ್ಕೆ ಇಳಿಸುವ ಕ್ಲಿಪ್ಪು. ಹೊಸದು ಕೊಡಿ ಎಂದು ಬಾಯಲ್ಲಿ ಹೇಳಿದರೆ ಕಾರ್ಡಿನಲ್ಲಿ ಬರೆಯಿರಿ ಎಂಬ ಉತ್ತರ ಬಂತು. ಬರೆಯಲು ಹೋದರೆ 'ಯಾರದು ತಪ್ಪು' ಎಂಬ ಮನೆ ಖಾಲಿ ಉಳಿಯಿತು. ಖಾಲಿ ಬಿಟ್ಟರೆ ಕಂಪ್ಯೂಟರ್ ಕಾರ್ಡನ್ನು ಒಪ್ಪುವುದಿಲ್ಲ. ಕ್ಯಾಂಟೀನಿನಲ್ಲಿ ಸ್ನೇಹಲ್‌ಳ ಎದುರಿಗೇ ಆ ಮಾತಾಗಿತ್ತು. ಯುನೂಸ್ ಬಸಿಯಲ್ಲಿ ಚಹಾ ಆರಿಸುತ್ತ ಹೇಳಿದ್ದ: "ಕ್ಲಿಪ್ಪಿಗಿ ಹೆಸರಿಲ್ಲೇನು? ಹಾಂಗಾದ್ರ ನಂದು ಹಾಕ್ರೋ. ವರ್ಷದೊಳಗ ರಿಟೈರ್ ಆಗಾಂವ, ನಂದೇನ್ ಕಿತ್ಗೋತಾರ." ಎಲ್ಲರೂ ನಕ್ಕಿದ್ದರು. ಸ್ನೇಹಲ್ ಕೂಡ.

ಹಾಗೆ ಒಂಬತ್ತು ಕಾರ್ಡು ಹೋದವು. ಯುನೂಸ್ ಡ್ರಮ್ಮಿಗೆ ಕ್ಲಿಪ್ ಹಾಕಿಲ್ಲ, ಯುನೂಸ್ ಕ್ಲಿಪ್ ಸರಿಯಾಗಿ ಹಾಕಿಲ್ಲ. ಬರೆದವರ ಲೆಕ್ಕದಲ್ಲಿ ಅವು ಕ್ಲಿಪ್ಪಿನ ದೂರುಗಳು. ಆಫೀಸಿನವರು ಓದಿದ್ದು ಯುನೂಸ್‌ನನ್ನು. ಅವನನ್ನು ಮೂರು ಸಲ ತರಬೇತಿ ಕೋಣೆಗೆ ಕರೆದು, ಕ್ಲಿಪ್ ಹ್ಯಾಗೆ ಹಾಕಬೇಕು ಎಂಬ ಒಂದೇ ವಿಡಿಯೋವನ್ನು ಮೂರು ಸಲ ತೋರಿಸಿದರು. "ಅದರಾಗಿನ ಕ್ಲಿಪ್ಪು ಭಾಳ ಛಂದ ಅದ ಬೇಟಿ" ಎಂದು ಅವನು ಬಸ್ಸಿನಲ್ಲಿ ಹೇಳಿದ್ದ. "ಅದನ್ನ ಕಿತ್ತು ಕೊಡ್ರಿ ಅಂತ ಕೇಳ್ಬೇಕಂದೆ."

ಮಧ್ಯಾಹ್ನ ಮನೆಗೆ ಬಂದಾಗ ಅವ್ವ ಶಕುಂತಲಾಬಾಯಿ ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಉಣ್ಣುತ್ತೀಯೇನು ಎಂದದ್ದಕ್ಕೆ ಆಮೇಲೆ ಎಂದು ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡಳು.

ಅವಳ ನೋಟ್‌ಬುಕ್ಕಿಗೆ ಒಂದು ಕಟ್ಟುನಿಟ್ಟಿತ್ತು. ಎಡಪುಟದಲ್ಲಿ ತಾನು ಕಂಡದ್ದು, ಬಲಪುಟದಲ್ಲಿ ಬೇರೆಯವರು ಹೇಳಿದ್ದು. ಹೆಸರಿನ ಬದಲು ಸಂಖ್ಯೆ. ನಿಮ್ಮ ಮಾತು ನನ್ನ ಹೊರತು ಯಾರೂ ಓದುವುದಿಲ್ಲ ಎಂದು ಮೂವತ್ತೊಂದು ಜನಕ್ಕೂ ಮಾತು ಕೊಟ್ಟಿದ್ದಳು. ಬಲಪುಟಗಳಲ್ಲಿ ಕಾರ್ಡಿನ ಪಾಳಿಯ ಕಥೆ ಇಡಿಯಾಗಿ ಇತ್ತು, ಯಾರು ಶುರುಮಾಡಿದ್ದು, ಕ್ಯಾಲೆಂಡರಿನಲ್ಲಿ ಯಾರ ಅಕ್ಷರ, ಎಲ್ಲ. ಸುಳ್ಳು ದಾಖಲೆ ಬರೆದವರನ್ನು ಕೆಲಸದಿಂದ ತೆಗೆಯಲಾಗುವುದು ಎಂಬ ಫಲಕ ಗೇಟಿನಲ್ಲೇ ಇದೆ. ಈ ಪುಸ್ತಕ ಮೇಜಿನ ಮೇಲೆ ಹೋದರೆ ಯುನೂಸ್ ಉಳಿಯುತ್ತಾನೆ, ಮೂವತ್ತು ಜನ ಹೋಗುತ್ತಾರೆ. ಹೋಗದಿದ್ದರೆ ಪಾಳಿಯಲ್ಲಿ ಬಂದ ಎಂಟು, ಕ್ಲಿಪ್ಪಿನ ಒಂಬತ್ತು, ಒಟ್ಟು ಹದಿನೇಳು ಕಾರ್ಡು ಸೇರಿ ಅವನೊಬ್ಬನನ್ನು ಮುಗಿಸುತ್ತವೆ.

ಯಾವುದಾದರೂ ಮೂರನೆಯ ದಾರಿ ಇದ್ದೀತೇ ಎಂದು ಮೊದಲಿನಿಂದ ಪುಟ ತಿರುವುತ್ತ ಹೋದಳು. ಫೆಬ್ರುವರಿ ಹನ್ನೊಂದರ ಎಡಪುಟಕ್ಕೆ ಬಂದಾಗ ಬೆರಳು ಅಲ್ಲೇ ನಿಂತಿತು. ತನ್ನದೇ ದುಂಡನೆಯ ಅಕ್ಷರ.

'ಸಾಲ್ವೆಂಟ್ ಶೆಡ್, ಬೆಳಿಗ್ಗೆ 10.40. ಕ್ಲಿಪ್ಪಿಗೆ ಕಟ್ಟುವ ತಂತಿ ಸುತ್ತಿ ಡ್ರಮ್ಮಿಗೆ ಬಿಗಿದಿದ್ದಾರೆ. ಕೂತಿರುವುದು ಬಣ್ಣದ ಮೇಲೆ, ಲೋಹಕ್ಕೆ ತಾಗಿಲ್ಲ. ಗಾಳಿ ಬಹಳ ಒಣ. ಅಂದರೆ ಕ್ಲಿಪ್ ತನ್ನ ಕೆಲಸ ಮಾಡುತ್ತಿಲ್ಲ, ಮಾಡುತ್ತಿರುವಂತೆ ಕಾಣುತ್ತಿದೆ ಅಷ್ಟೆ. ಸುರಕ್ಷತೆ ಇಲ್ಲಿ ಒಂದು ಚಿಹ್ನೆಯಾಗಿ ಉಳಿದಿದೆ. ಮೂರನೇ ಅಧ್ಯಾಯಕ್ಕೆ ಉತ್ತಮ ಉದಾಹರಣೆ.'

ಉತ್ತಮ ಎಂಬುದರ ಕೆಳಗೆ ಎರಡು ಗೆರೆ.

ದ್ರಾವಕ ಪೈಪಿನಲ್ಲಿ ಹರಿಯುವಾಗ ವಿದ್ಯುತ್ ಆವೇಶ ಕೂಡುತ್ತ ಹೋಗುತ್ತದೆ, ಬರಿಯ ಲೋಹ ಸಿಗದಿದ್ದರೆ ಇಳಿಯುವುದಿಲ್ಲ, ಇಳಿಯದಿದ್ದರೆ ಯಾವಾಗಲೋ ಒಂದು ಕಿಡಿಯಾಗಿ ಹಾರುತ್ತದೆ. ಇದು ಕಾರ್ಮಿಕರಿಗೆ ಅಂದಾಜಿನಲ್ಲಿ ಗೊತ್ತಿತ್ತು, ಧನರಾಜನಿಗೆ ವಿಡಿಯೋದಿಂದ ಗೊತ್ತಿತ್ತು. ಅವಳಿಗೆ ಸರಿಯಾಗಿ ಗೊತ್ತಿತ್ತು. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಈ ಪ್ರಶ್ನೆಗೆ ಹತ್ತಕ್ಕೆ ಹತ್ತು ತೆಗೆದುಕೊಂಡಿದ್ದಳು. ಆ ದಿನ ನಾಲ್ಕು ಹೆಜ್ಜೆ ಮುಂದೆ ಹೋಗಿ, ಬ್ಲೇಡಿನಿಂದ ಒಂದು ರೂಪಾಯಿ ಬಿಲ್ಲೆಯಷ್ಟು ಬಣ್ಣ ಕೆರೆಯಿರಿ, ತಂತಿಯನ್ನು ಅಲ್ಲಿಗೆ ಬಿಗಿಯಿರಿ ಎಂದಿದ್ದರೆ ಸಾಕಿತ್ತು. ಹೇಳದೆ ಇರುವುದೇ ಶಿಸ್ತು ಎಂದು ನಂಬಿ, ಗೆರೆ ಎಳೆದು, ಮಧ್ಯಾಹ್ನದ ಬಸ್ಸಿಗೆ ಬಂದುಬಿಟ್ಟಿದ್ದಳು.

ಸಂಜೆ ಐದಕ್ಕೆ ಯುನೂಸ್‌ನ ಮನೆಗೆ ಹೋದಳು. ಕೋಟೆಯ ಹಿಂದಿನ ಓಣಿ. ಎರಡು ಕೋಣೆ, ಮುಂದೆ ಬೇವಿನ ಗಿಡ. ಕದ ತೆಗೆದವಳು ಅವನ ಮಗಳು ಸುಮೇರಾ, ಎರಡು ವರ್ಷದ ಹಿಂದೆ ಸ್ನೇಹಲ್‌ಳ ವಿದ್ಯಾರ್ಥಿನಿ. ಯಾವಾಗಲೂ ನಗುವ ಹುಡುಗಿ ಇವತ್ತು ಬರ್ರಿ ಎಂದಷ್ಟೇ ಹೇಳಿ ಸರಿದು ನಿಂತಳು.

ಯುನೂಸ್ ಕಾಟಿನ ಮೇಲೆ ಕೂತಿದ್ದ. ಎರಡೂ ಅಂಗೈಗೆ ಬರ್ನಾಲ್ ಮುಲಾಮು ಹಚ್ಚಿಕೊಂಡಿದ್ದ. ಕಲ್ಲಿನಾಥನ ಮೈಮೇಲಿನ ಬೆಂಕಿಯನ್ನು ಬರಿಗೈಯಿಂದ ಬಡಿದು ಆರಿಸಿದ್ದನಂತೆ.

"ಕೂಡು ಬೇಟಿ. ನಿನಗೂ ಕರದಾರಂತಲ್ಲ."

"ನೋಟ್‌ಬುಕ್ ತಗೊಂಡು ಬಾ ಅಂದಾರ ಚಾಚಾ."

"ಕೊಡಬ್ಯಾಡ." ಅವನು ದನಿ ಎತ್ತಲಿಲ್ಲ. "ನನಗ ಹಾಳಿ ತೋರಿಸ್ಯಾರ. ಹದಿನೇಳು ತಪ್ಪು ಅವ ಯುನೂಸ್‌ಮಿಯಾ, ಒಂಬತ್ತು ಬರೇ ಕ್ಲಿಪ್ಪಿಂದೇ ಅಂದ್ರು. ಕಂಪ್ಯೂಟರಿನಾಗ ನನ್ನ ಹೆಸರು ಕೆಂಪಗ ಆಗ್ಯಾದ. ಇದನ್ನೆಲ್ಲ ಪೊಲೀಸ್ ಠಾಣಾಕ್ಕ ಕಳಸ್ತಾರಂತ."

"ಅವು ಖರೇ ಅಲ್ಲ ಅಂತ ನೀವು ಹೇಳ್ಲಿಲ್ಲೇನು?"

"ಹ್ಯಾಂಗ ಹೇಳ್ಲಿ? ಖರೇ ಅಲ್ಲ ಅಂದ್ರ ಬರದವರ ಮ್ಯಾಲ ಬರ್ತದ. ಅವರೆಲ್ಲ ಸಣ್ಣ ಸಣ್ಣ ಮಕ್ಕಳಿದ್ದವರು. ಬರೀರಿ ಅಂತ ನಾನೇ ಹೇಳಿದ್ದು." ಅಂಗೈಗಳನ್ನು ತೊಡೆಯ ಮೇಲೆ ಮೆಲ್ಲಗೆ ಮಗುಚಿದ. "ನಿನಗ ಒಂದು ಹೇಳ್ಲೇನು? ನಿನ್ನೆ ಆ ಹಾಳಿ ಓದಿ ಓದಿ, ಅವತ್ತ ನಾನೇ ಕ್ಲಿಪ್ ಹಾಕಿದ್ದಿಲ್ಲೇನೋ ಅನಸಾಕತ್ತು. ಒಂಬತ್ತು ಸಲ ಅದರಾಗ ಅದ. ಅಷ್ಟ್ ಮಂದಿ ಹ್ಯಾಂಗ ಸುಳ್ಳ ಬರೀತಾರ ಅಂತ ನನಗ ನಾನೇ ಕೇಳಿದೆ."

ಇದೇ ಮಾತನ್ನು ಸ್ನೇಹಲ್ ತನ್ನ ಪ್ರಬಂಧದಲ್ಲಿ ಬಹಳ ಸೊಗಸಾಗಿ ಬರೆದಿದ್ದಳು, ಕಡತ ಕೊನೆಗೆ ಮನುಷ್ಯನ ಒಳಗೇ ಹೋಗಿ ಕೂಡುತ್ತದೆ ಎಂದು.

ಸುಮೇರಾ ಚಹಾ ತಂದಿಟ್ಟಳು. ಇಟ್ಟವಳು ಒಳಗೆ ಹೋಗಲಿಲ್ಲ.

"ಮೇಡಂ, ಸತ್ಯ ಅನ್ನೋದು ಒಂದೇ ಇರಲ್ಲ, ಹೇಳವರು ಯಾರು ಅನ್ನೋದರ ಮ್ಯಾಲ ಅದ ಅಂತ ನೀವು ಕ್ಲಾಸಿನಾಗ ಹೇಳ್ತಿದ್ರಿ. ನಾನು ಪರೀಕ್ಷಾದಾಗೂ ಬರ್ದಿದ್ದೆ. ನಮ್ಮ ಅಬ್ಬಾಂದು ಯಾವ ಸತ್ಯದಾಗ ಬರ್ತದ್ರಿ?"

"ಸುಮೇರಾ, ಬಸ್" ಎಂದ ಯುನೂಸ್.

"ಇಲ್ಲ ಅಬ್ಬಾ, ಕೇಳಾಕತ್ತೀನಿ ಅಷ್ಟೇ. ಮೇಡಂ ಎಲ್ಲಾನೂ ಬರ್ಕೋತಾರ. ಇದನ್ನೂ ಬರ್ಕೊಳ್ಳಿ."

ಸ್ನೇಹಲ್‌ಗೆ ಫೆಬ್ರುವರಿ ಹನ್ನೊಂದರ ಪುಟದ ಮಾತು ಬಾಯಿಯ ತನಕ ಬಂತು. ಈಗ ಹೇಳಿದರೆ ಈ ಮನೆಯಲ್ಲಿ ಮತ್ತೆ ಕಾಲಿಡುವಂತಿಲ್ಲ. ಚಹಾ ಕುಡಿದಳು. ನಾಳೆ ನೋಡೋಣ ಎಂದು ಎದ್ದು ಬಂದಳು. ಓಣಿಯ ತಿರುವಿನ ತನಕ ಹಿಂದೆ ಕದ ಹಾಕಿದ ಸಪ್ಪಳ ಕೇಳಲಿಲ್ಲ.

ಮರುದಿನ ಬಸ್ಸು ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಹತ್ತಿದಾಗ ಕಾರ್ಖಾನೆಯ ನಾಲ್ಕು ಜನ ಏರಿದರು. ದಿನಾ ಅವಳನ್ನು ಮಾತಾಡಿಸಿ ಕಾಲೆಳೆಯುವವರು, ಇವಳು ನಮ್ಮ ಮ್ಯಾಲ ಪುಸ್ತಕ ಬರದು ಕಲೆಕ್ಟರ್ ಆಗಾಕಿ ಎಂದು ನಗಾಡುವವರು. ಇವತ್ತು ಅವಳ ಕೈಚೀಲವನ್ನು ನೋಡಿ ಹಿಂದಿನ ಸೀಟಿಗೆ ಹೋದರು. ರಾಜೇಶ್ವರ ದಾಟುವಾಗ ಅವರಲ್ಲೊಬ್ಬ ನದೀಮ್ ಎದ್ದು ಬಂದು, ಸೀಟಿನ ಕಂಬಿ ಹಿಡಿದು ಬಗ್ಗಿ ಕೇಳಿದ.

"ಅಕ್ಕಾ, ಅದರಾಗ ನಾನು ಎಷ್ಟನೇ ನಂಬರು?"

"ಹೆಸರು ಎಲ್ಲೂ ಇಲ್ಲ ನದೀಮ್."

"ಹೆಸರು ಯಾರು ಕೇಳಿದ್ರು? ಫ್ಯಾಕ್ಟರಿದಾಗ ಒಂದು ಕಿವಿ ಕೇಳದಾಂವ ನಾನೊಬ್ನೇ ಅದೀನಿ. ಅದನ್ನ ಬರ್ದಿರಿ ಇಲ್ಲೋ?"

ಬರೆದಿದ್ದಳು. ಅವನು ಅವಳ ಮುಖ ನೋಡಿ ತಿಳಿದುಕೊಂಡು ಹಿಂದಕ್ಕೆ ಹೋದ.

ಗೇಟಿನಲ್ಲಿ ಯಾವಾಗಲೂ ರಿಜಿಸ್ಟರಿನಲ್ಲಿ ಬರೆದು ಒಳಗೆ ಹೋಗುತ್ತಿದ್ದಳು. ಇವತ್ತು ಕಾವಲುಗಾರ ಮೊದಲೇ ಮುದ್ರಿಸಿಟ್ಟ ಪಾಸು ಕೊಟ್ಟ. ಅದರಲ್ಲಿ ಅವಳ ಭಾವಚಿತ್ರವಿತ್ತು. ಅವಳು ಯಾರಿಗೂ ಕೊಟ್ಟದ್ದಲ್ಲ. ಕಾಲೇಜಿನ ಜಾಲತಾಣದಲ್ಲಿ ವಿಚಾರ ಸಂಕಿರಣದ ಪ್ರಬಂಧದ ಜೊತೆ ಹಾಕಿದ್ದ ಚಿತ್ರ. ಆ ಪ್ರಬಂಧವನ್ನು ಇಲ್ಲಿ ಯಾರು ಓದಿದ್ದಾರೆ ಎಂದು ಯೋಚಿಸುತ್ತ ನಡೆದಳು. ಸಾಲ್ವೆಂಟ್ ಶೆಡ್ಡಿಗೆ ಹಸಿರು ಪರದೆ ಕಟ್ಟಿದ್ದರು. ಪರದೆಯ ಕೆಳಗಿನಿಂದ ಕಪ್ಪಾದ ನೆಲ ಒಂದು ಗೇಣು ಹೊರಗೆ ಕಾಣುತ್ತಿತ್ತು.

ತರಬೇತಿ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಆಸ್ಪತ್ರೆಯ ಕಾಗದಗಳಿದ್ದ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೂವತ್ತರ ಆಚೀಚೆ, ನಿದ್ದೆಗೆಟ್ಟ ಕಣ್ಣು. ಧನರಾಜ ಕದದಿಂದ ಹಣಕಿ, "ಜಯಮಾಲಾ ಅವ್ರೇ, ಇವರಾದ ಮ್ಯಾಲ ನಿಮ್ಮದು. ಕಲ್ಲಿನಾಥನ ಹೇಳಿಕಿ ಬದ್ಲಿ ಸದ್ಯ ಮನಿಯವರದು ತಗೋತೀವಿ" ಎಂದ. ಸ್ನೇಹಲ್ ಅವಳ ಮುಖದತ್ತ ಮತ್ತೆ ನೋಡಲಿಲ್ಲ.

ಕೋಣೆಯಲ್ಲಿ ಧನರಾಜನ ಜೊತೆ ಇನ್ನೊಬ್ಬನಿದ್ದ. ಮುಖ್ಯ ಕಚೇರಿಯಿಂದ ಬಂದವನು, ಹೆಸರು ರಾಜೀವ. ತೋಳು ಮಡಚಿದ ಬಿಳಿ ಅಂಗಿ, ಮುಂದೆ ಲ್ಯಾಪ್‌ಟಾಪು. ಅವಳಿಗೆ ತಾನೇ ಎದ್ದು ಕುರ್ಚಿ ಎಳೆದುಕೊಟ್ಟ, ನೀರು ಬೇಕೇ ಎಂದು ಕೇಳಿದ. ಅವನ ದನಿಯಲ್ಲಿ ಎಲ್ಲೂ ಗದರಿಕೆಯಿರಲಿಲ್ಲ. ಅದಕ್ಕೇ ಅವಳು ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಪ್ರಬಂಧ ಚೆನ್ನಾಗಿದೆ ಮೇಡಂ" ಎಂದ. "ನಮ್ಮ ಬಗ್ಗೆ ಇಷ್ಟು ಆಳವಾಗಿ ಯಾರೂ ಬರೆದಿರಲಿಲ್ಲ." ಪರದೆ ನೋಡಿ ಓದಿದ: "'ಏಳನೆಯ ವ್ಯಕ್ತಿ, ಸೇವೆಯ ಕೊನೆಯ ವರ್ಷದಲ್ಲಿರುವ ಆಪರೇಟರ್, ನಿಯಮಗಳನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ತನ್ನ ಮೇಲಿನ ಕಾರ್ಡುಗಳ ಬಗ್ಗೆ, ನಂದೇನು ಕಿತ್ಗೋತಾರ ಎಂದು ನಗುತ್ತಾನೆ. ಈ ನಗುವೇ ಅವನ ಪ್ರತಿರೋಧ.' ಇದು ಯುನೂಸ್ ಅಲ್ಲವೇ? ಹೌದು ಅಂತ ನೀವು ಒಂದು ಸಹಿ ಹಾಕಿದರೆ ನಿಮ್ಮ ಕೆಲಸ ಮುಗೀತು. ನೋಟ್‌ಬುಕ್ಕೂ ಬೇಡ."

ಅವಳು ಬರೆದದ್ದು ಹೊಗಳಿಕೆ. ಇವನ ಬಾಯಲ್ಲಿ ಅದೇ ಅಕ್ಷರ ಹದಿನೆಂಟನೆಯ ಕಾರ್ಡಾಗಿ ನಿಂತಿತ್ತು. ಅವನು ಒಂದು ಅಕ್ಷರವನ್ನೂ ತಿದ್ದಿರಲಿಲ್ಲ. ಈ ಕಾಗದ ಏನು ಕೆಲಸ ಮಾಡುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಇವನಿಗೆ ಗೊತ್ತಿತ್ತು.

"ಏಳನೆಯವರು ಯಾರು ಅಂತ ನಾನು ಹೇಳುವುದಿಲ್ಲ" ಎಂದಳು. ದನಿ ಅವಳಿಗೇ ಗುರುತು ಸಿಗದಷ್ಟು ಸಣ್ಣಗಿತ್ತು.

"ನಿಮಗೆ ಒಳಗೆ ಬರಲು ಅನುಮತಿ ಕೊಟ್ಟ ಪತ್ರದಲ್ಲಿ, ಕಾರ್ಖಾನೆಗೆ ಸಂಬಂಧಿಸಿದ ಮಾಹಿತಿಯನ್ನು ಕೇಳಿದಾಗ ಕೊಡಬೇಕು ಅಂತ ಇದೆ. ನಿಮ್ಮ ಸಹಿ ಇದೆ. ನಿಮ್ಮ ಪ್ರಾಚಾರ್ಯರಿಗೂ, ಕಲಬುರಗಿಗೂ ಒಂದು ಪ್ರತಿ ಹೋಗುತ್ತದೆ. ಹೆದರಿಸುತ್ತಿಲ್ಲ ಮೇಡಂ, ಪದ್ಧತಿ ಅದು."

"ಯಾರ ಪದ್ಧತಿ?"

ರಾಜೀವ ನಿಜವಾಗಿಯೂ ಯೋಚಿಸಿದ. "ಹಾಗೆ ಒಬ್ಬರದು ಅಂತ ಇಲ್ಲ" ಎಂದ.

ಧನರಾಜ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತಿದ್ದ. ಜನವರಿಯಲ್ಲಿ ಕ್ಲಿಪ್ಪಿಗಾಗಿ ಅವನೂ ಒಂದು ಅರ್ಜಿ ಕಳಿಸಿದ್ದ. ಈ ಕ್ಲಿಪ್ಪಿನಿಂದ ಇದುವರೆಗೆ ಯಾವುದೇ ಘಟನೆ ದಾಖಲಾಗಿಲ್ಲ ಎಂದು ಅದು ವಾಪಸ್ಸಾಗಿತ್ತು. ಅದು ಸ್ನೇಹಲ್‌ಗೆ ಗೊತ್ತಿತ್ತು, ಬಲಪುಟದಲ್ಲಿತ್ತು. ಇಪ್ಪತ್ತಮೂರನೆಯ ವ್ಯಕ್ತಿ. ಧನರಾಜ ಅವಳತ್ತ ಒಮ್ಮೆ ನೋಡಿದ. ಆ ನೋಟದಲ್ಲಿದ್ದದ್ದು, ಆ ಅರ್ಜಿಯ ಮಾತು ಎತ್ತಬೇಡ ಎಂಬ ಬೇಡಿಕೆ.

ಎಡಪುಟದಲ್ಲಿ ಇರುವುದು ತನ್ನ ಮಾತು ಮಾತ್ರ ಎಂಬುದು ಅವಳಿಗೆ ನಿನ್ನೆಯೇ ಹೊಳೆದಿತ್ತು. ಅದನ್ನು ಹೇಳದಿರಲು ಏನಾದರೂ ಕಾರಣ ಸಿಗಲಿ ಎಂದು ರಾತ್ರಿಯಿಡೀ ಕಾದಿದ್ದಳು. ಇನ್ನು ಕಾಯಲು ಉಳಿದಿರಲಿಲ್ಲ.

"ನಂದೊಂದು ಹೇಳಿಕೆ ಇದೆ" ಎಂದಳು. "ಬರೆದುಕೊಳ್ಳಿ. ಫೆಬ್ರುವರಿ ಹನ್ನೊಂದಕ್ಕೆ, ಹತ್ತು ನಲವತ್ತಕ್ಕೆ, ನಾನು ಶೆಡ್ಡಿನಲ್ಲಿದ್ದೆ. ಕ್ಲಿಪ್ಪಿನ ಸ್ಪ್ರಿಂಗ್ ಇರಲಿಲ್ಲ. ತಂತಿಯಿಂದ ಕಟ್ಟಿದ್ದರು. ಬಣ್ಣದ ಮೇಲೆ ಕೂತಿತ್ತು. ಯುನೂಸ್ ಆಗಲಿ ಬೇರೆ ಯಾರಾಗಲಿ ದಿನಕ್ಕೆ ನೂರು ಸಲ ಹಾಕಿದ್ದರೂ ಆ ಕ್ಲಿಪ್ಪು ಕೆಲಸ ಮಾಡುತ್ತಿರಲಿಲ್ಲ. ನಾನು ಭೌತಶಾಸ್ತ್ರ ಓದಿದವಳು. ಒಂದು ದಿನ ಹೊತ್ತಿಕೊಳ್ಳಬಹುದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಹೇಳಲಿಲ್ಲ."

ಕೊನೆಯ ಮಾತು ಹೇಳುವಾಗ ದನಿ ಏರಿತ್ತು. ಕೋಣೆಯ ಒಂದು ಗೋಡೆ ಬರಿಯ ಪ್ಲೈವುಡ್ಡು ಎಂಬುದು ಅವಳ ಲಕ್ಷ್ಯದಲ್ಲಿರಲಿಲ್ಲ.

ನೋಟ್‌ಬುಕ್ ತೆರೆದು, ಬಲಪುಟದ ಮೇಲೆ ಬಿಳಿ ಹಾಳೆಯಿಟ್ಟು ಎರಡೂ ಕಡೆ ಪಿನ್ನು ಚುಚ್ಚಿ, ಎಡಪುಟವನ್ನು ಅವರತ್ತ ತಿರುಗಿಸಿ ಹಿಡಿದಳು. ರಾಜೀವ ನಿಧಾನವಾಗಿ ಓದಿದ. ಓದಿ ಮುಗಿದ ಮೇಲೆ ಅವನ ಬೆರಳು ಬಿಳಿ ಹಾಳೆಯ ಅಂಚಿಗೆ ಬಂತು. ಅವಳು ಅಂಗೈಯನ್ನು ಅದರ ಮೇಲೆ ಒತ್ತಿದಳು. ಇಬ್ಬರ ಕೈಯೂ ಒಂದು ಕ್ಷಣ ಅಲ್ಲಿಯೇ ಇದ್ದವು. ಆಮೇಲೆ ಅವನು ನಕ್ಕು ಕೈ ತೆಗೆದ.

"ಸರ್, ಇದನ್ನ ಬರ್ಕೊಂಡ್ರ..." ಎಂದ ಧನರಾಜ. "ಇದು ಯುನೂಸಂದು ಅಲ್ಲ, ಪ್ಲಾಂಟಿಂದು ಆಗ್ತದ. ಆ ಒಂಬತ್ತು ಕಾರ್ಡು ನಮ್ಮ ಮ್ಯಾಲೇ ತಿರಗ್ತಾವ. ಒಂಬತ್ತು ಸಲ ತಿಳಿಸಿದ್ರೂ ಕ್ಲಿಪ್ ಬದಲಿ ಮಾಡಿಲ್ಲ ಅಂತ."

"ಅದಕ್ಕೇ ಬರೆದುಕೊಳ್ಳುವುದಿಲ್ಲ." ರಾಜೀವ ಲ್ಯಾಪ್‌ಟಾಪಿನ ಕಡೆ ತಿರುಗಿದ. "ಮೇಡಂ ಅವರನ್ನು ಕರೆದದ್ದು ಏಳನೆಯ ವ್ಯಕ್ತಿಯ ಗುರುತಿಗೆ. ಅದಕ್ಕೆ ಅವರು ಉತ್ತರ ಕೊಟ್ಟಿಲ್ಲ. ಉಳಿದದ್ದು ವಿಷಯಕ್ಕೆ ಹೊರತು. ಬಾಯಿಮಾತು ಅಂತ ಇಟ್ಟುಕೊಳ್ಳೋಣ." ಅವಳತ್ತ ನೋಡಿದ. ಆ ನೋಟದಲ್ಲಿ ಕನಿಕರವೂ ಇತ್ತು. "ನಿಮ್ಮ ಒಳ್ಳೆಯದಕ್ಕೇ ಹೇಳುತ್ತೇನೆ. ಗೊತ್ತಿದ್ದೂ ಹೇಳಲಿಲ್ಲ ಅನ್ನುವುದನ್ನು ನೀವು ಕಾಗದದ ಮೇಲೆ ಯಾಕೆ ಇಡುತ್ತೀರಿ? ಇಲ್ಲಿ ಏನೂ ಆಗಲಿಲ್ಲ. ಮನೆಗೆ ಹೋಗಿ."

ಧನರಾಜ ಪೆನ್ನಿನ ಮುಚ್ಚಳ ಹಾಕಿದ.

ಹೊರಗೆ ಬಂದಾಗ ಮೊದಲು ಅನ್ನಿಸಿದ್ದು ಹಗುರ. ಹೇಳಿಯೂ ಆಯಿತು, ಎಲ್ಲೂ ಉಳಿಯಲೂ ಇಲ್ಲ. ಹಾಗೆ ಅನ್ನಿಸಿದ್ದಕ್ಕೆ ಮರುಕ್ಷಣವೇ ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು. ಗೇಟು ಇನ್ನೂರು ಹೆಜ್ಜೆ. ಹನ್ನೆರಡರ ಬಸ್ಸು ಸಿಗುತ್ತದೆ.

"ಫೆಬ್ರುವರಿದಾಗ ನೋಡಿದ್ರೇನ್ರಿ?"

ಜಯಮಾಲಾ ಬೆಂಚಿನ ಮೇಲೆಯೇ ಇದ್ದಳು. ಎದ್ದಿರಲಿಲ್ಲ. ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ಹೌದ್ರಿ" ಎಂದಳು ಸ್ನೇಹಲ್.

"ಅವತ್ತ ಶೆಡ್ಡಿನಾಗ ಯಾರು ಇದ್ರು?"

"ಯುನೂಸ್ ಚಾಚಾ ಇದ್ರು. ನಿಮ್ಮ ಮನಿಯವರೂ ಇದ್ರು. ನನಗ ಕುರ್ಚಿ ಒರಸಿ ಕೊಟ್ರು."

ಜಯಮಾಲಾ ತಲೆಯಾಡಿಸಿದಳು, ಅಂಗಡಿಯಲ್ಲಿ ಸಾಮಾನು ಸರಿಯಾಗಿದೆ ಎಂದು ನೋಡಿಕೊಂಡವರ ಹಾಗೆ. "ಮಂದಿಗಿ ಕುರ್ಚಿ ಒರಸಿ ಕೊಡೂದಂದ್ರ ಭಾಳ ಖುಷಿ ಅವರಿಗಿ" ಎಂದಳು. "ಯಾಕ ಹೇಳ್ಲಿಲ್ಲ?"

ಸ್ನೇಹಲ್‌ಗೆ ಉತ್ತರಗಳು ಗೊತ್ತಿದ್ದವು. ಸಂಶೋಧಕರು ಮಧ್ಯ ಬಾಯಿ ಹಾಕಬಾರದು. ಮೂರನೇ ಅಧ್ಯಾಯ. ಒಂದನ್ನೂ ಈ ಹೆಂಗಸಿನ ಎದುರು ತುಟಿಗೆ ತರಲಾಗಲಿಲ್ಲ.

"ನಂದೇ ತಪ್ಪು" ಎಂದಳು.

"ಅದು ನನಗ ಬ್ಯಾಡ್ರಿ. ತಪ್ಪು ತಗೊಂಡು ನಾನೇನ್ ಮಾಡ್ಲಿ?" ಜಯಮಾಲಾಳ ದನಿ ಮೊದಲ ಸಲ ಒಡೆಯಿತು, ಒಡೆದದ್ದನ್ನು ಅವಳೇ ನುಂಗಿಕೊಂಡಳು. "ನಿನ್ನೆ ಇವರು ನನ್ನ ಕೈಗಿ ಒಂದು ಕಾಗದ ಕೊಟ್ಟು, ಯುನೂಸ್‌ಭಾಯ್‌ರ ಅಸಡ್ಡಿಲಿಂದ ಆಯ್ತು ಅಂತ ಅದ, ಸಹಿ ಮಾಡವ್ವ ಅಂದ್ರು. ಯುನೂಸ್‌ಭಾಯ್ ತಮ್ಮ ಕೈ ಸುಟ್ಕೊಂಡು ಇವರ್ನ ಉಳಿಸ್ಯಾರ. ನಾ ಮಾಡ್ಲಿಲ್ಲ. ಮಾಡಲ್ಲ ಅನ್ನಾಕ ನನ್ನ ಕಡೆ ಮಾತಿದ್ದಿಲ್ಲ ಅಷ್ಟೇ."

ಒಳಗಿನಿಂದ ಧನರಾಜ ಕದ ತೆರೆದ. "ಜಯಮಾಲಾ ಅವ್ರೇ, ಬರ್ರಿ."

ಅವಳು ಎದ್ದಳು. ಸೆರಗು ಸರಿಮಾಡಿಕೊಂಡು, ಚೀಲವನ್ನು ಕಂಕುಳಿಗೆ ಸಿಕ್ಕಿಸಿದಳು. ಸ್ನೇಹಲ್‌ಳ ಮುಂಗೈ ಹಿಡಿದಳು. ಗಟ್ಟಿಯಾಗಿ ಹಿಡಿದಳು; ಅದರಲ್ಲಿ ಗೆಳೆತನವೇನೂ ಇರಲಿಲ್ಲ.

"ನಂದು ಬಾಯಿಮಾತಲ್ರಿ. ನನ್ನ ಹೇಳಿಕಿ ಪೊಲೀಸರಿಗಿ ಹೋಗ್ತದಂತ ಇವರೇ ಹೇಳ್ಯಾರ. ಅದರಾಗ ಇದನ್ನ ಬರಸ್ತೀನಿ. ಒಳಗ ಬರ್ರಿ, ನನ್ನ ಮುಂದ ಇನ್ನೊಮ್ಮೆ ಹೇಳ್ರಿ. ಕ್ಲಿಪ್ಪಿಂದೂ ಹೇಳ್ರಿ. ಗೊತ್ತಿದ್ದೂ ಸುಮ್ನಿದ್ದೆ ಅಂದ್ರಲ್ಲ, ಅದನ್ನೂ ಹೇಳ್ರಿ. ಆಗ ನಾ ನಿಮ್ಮ ಮಾರಿ ನೋಡ್ತಿರ್ತೀನಿ."

ಕದದಲ್ಲಿ ಧನರಾಜ ಅತ್ತ ಇತ್ತ ನೋಡಿದ. ಅವನ ಹೆಗಲ ಮೇಲಿನಿಂದ ರಾಜೀವ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ್ದು ಕಾಣಿಸಿತು. ಮೊದಲ ಸಲ ಹೇಳಿದಾಗ ಸ್ನೇಹಲ್‌ಳ ಎದುರು ಇದ್ದದ್ದು ಒಂದು ಸಮಿತಿ. ಈಗ ಸುಟ್ಟವನ ಹೆಂಡತಿ.

ಧನರಾಜ ಕದದಿಂದ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ. ಸ್ನೇಹಲ್ ಜಯಮಾಲಾಳ ಜೊತೆ ಒಳಗೆ ಹೋದಳು.